ಹಗ್ಗಕ್ಕೆ ಎಣ್ಣೆ

ಟ್ರುಡಾ ಮೂರು ದಿನ ಫೋನು ಬಚ್ಚಿಟ್ಟಳು
ಹಿಟ್ಟಿನ ಡಬ್ಬಿಯೊಳಗೆ.
ಗುರುಗಳು ಬಂದರೆ ಹಿಂದೆಯೇ ಪೆಟ್ಟಿಗೆ ಬರುತ್ತದೆ,
ಕೆಳಮನೆಯ ಎರಿಕ್‌ಗೆ ಹಾಗೇ ಆಯಿತು, ಅಂದಳು.
ಸೈಲೀಸಿಯಾದ ನಮ್ಮ ಓಣಿಯಲ್ಲಿ ಎಲ್ಲರ ಲೆಕ್ಕವೂ ಅಷ್ಟೇ:
ಎಣ್ಣೆ ಅಂದರೆ ಕೊನೆ.

ನಾನು ಹೇಳಿದೆ, ಹೇಳಿದ್ದಲ್ಲ, ಕೆಮ್ಮಿದೆ:
ಇಪ್ಪತ್ತೊಂಬತ್ತು ವರ್ಷ ಎಣ್ಣೆ ಹಚ್ಚಿದವನು ಕಣೇ ನಾನು,
ಗಣಿಬಾವಿಯಲ್ಲಿ ಪಂಜರ ಹೊರುವ ಉಕ್ಕಿನ ಹಗ್ಗಕ್ಕೆ.
ಹರಿಯಲಿ ಅಂತ ಯಾರಾದರೂ ಹಚ್ಚುತ್ತಾರಾ?

ಕೊನೆಗೆ ಬಂದರು. ಎಳೆಪ್ರಾಯದ ಗುರು, ಡಮಜಿ ಅಂತ ಹೆಸರು,
ಕನ್ನಡಕಕ್ಕೆ ಹಬೆ, ಬೂಟಿಗೆ ಕೊಚ್ಚೆಮಂಜು.
ಹೊಸ್ತಿಲಲ್ಲೇ "ದೇವರು ಒಳಿತು ಕೊಡಲಿ" ಅಂದರು.
ಅದು ಗುರುಗಳ ಮಾತು. ಗಣಿಯವರ ಮಾತೂ ಅದೇ.
ಕತ್ತಲಲ್ಲಿ ಇನ್ನೊಂದು ದೀಪ ಎದುರಾದಾಗ
ಹೆಸರು ತಿಳಿಯದವನಿಗೂ ಹಾಗೆಂದು ದಾಟುತ್ತಿದ್ದೆವು.
ಇವರು ಗುರುವಾಗಿ ಅಂದರೋ
ಜತೆಗೆ ಪಾಳಿ ಇಳಿಯುವವನಾಗಿ ಅಂದರೋ.

ಔಷಧಿ ಶೀಶೆಗಳನ್ನು ಸರಿಸಿ ಟ್ರುಡಾ ಬಿಳಿ ಬಟ್ಟೆ ಹಾಸಿದ್ದಳು,
ಎರಡು ಮೇಣದ ಬತ್ತಿ, ಬಟ್ಟಲು ನೀರು,
ಬೆರಳೊರೆಸಲು ಬ್ರೆಡ್ಡಿನ ತಿರುಳು, ಅವಳಮ್ಮ ಇಡುತ್ತಿದ್ದ ಹಾಗೆ.
ಗೋಡೆಯ ಮೇಲೆ ಬಾರ್ಬರಾ, ಗಣಿಯವರ ತಾಯಿ,
ಸಂಸ್ಕಾರವಿಲ್ಲದ ಸಾವು ಕೊಡಬೇಡವೆಂದು
ಪಾಳಿಪಾಳಿಗೂ ನಾವು ಕಾಲು ಹಿಡಿದವಳು.

ಮೊದಲು ಮನಸ್ಸು ಬಿಚ್ಚಿ ಅಂದರು. ಟ್ರುಡಾ ಅಡುಗೆಮನೆಗೆ ಹೋದಳು.
ನನ್ನ ಪಾಪಗಳೆಲ್ಲ ಸವೆದ ನಾಣ್ಯಗಳು, ಬೇಗ ಎಣಿಸಿದೆ.
ಒಂದು ಮಾತ್ರ ಪಾಪವೋ ಅಲ್ಲವೋ ಗೊತ್ತಿರಲಿಲ್ಲ.

ಏಳುನೂರು ಮೀಟರು ಕೆಳಗೆ, ಸೂರು ಕುಸಿದ ರಾತ್ರಿ,
ರೈಮುಂಡನ ತಲೆ ನನ್ನ ತೊಡೆಯ ಮೇಲೆ,
ಎದೆಯಿಂದ ಕೆಳಗೆ ಬಂಡೆ.
ಗುರುಗಳು ಬರ್ತಾರಾ, ಅಂದ.
ಬರ್ತಾರೆ, ಪಂಜರ ಇಳೀತಿದೆ, ಅಂದೆ.
ಪಂಜರ ಇಳಿಯುತ್ತಿರಲಿಲ್ಲ.
ಹಗ್ಗದ ಜಿಡ್ಡು ಮೆತ್ತಿದ ಈ ಕೈಯನ್ನೇ ಅವನ ಹಣೆಗಿಟ್ಟೆ,
ಬೆವರೊರೆಸಲೆಂದು. ಕಪ್ಪಗೊಂದು ಗೆರೆ ಉಳಿಯಿತು.
ಅವನು ಕಣ್ಣು ಮುಚ್ಚಿ "ಆಮೆನ್" ಅಂದುಬಿಟ್ಟ.
ಅಲ್ಲ ಕಣೋ, ಅನ್ನಲು ನನಗೆ ಬಾಯಿ ಬರಲಿಲ್ಲ.

ಡಮಜಿ ಗುರುಗಳು ಬಹಳ ಹೊತ್ತು ಸುಮ್ಮನಿದ್ದರು.
ಅದು ಸಂಸ್ಕಾರವಲ್ಲ ಎವಾಲ್ಡ್, ಅಂದರು, ನಿಮಗೂ ಗೊತ್ತು.
ಗೊತ್ತು.
ಆಮೇಲೆ ಕನ್ನಡಕ ತೆಗೆದು ಒರೆಸಿದರು.
ಆಗ ಅದರ ಮೇಲೆ ಹಬೆಯಿರಲಿಲ್ಲ.

ಹೆಬ್ಬೆರಳಷ್ಟು ಡಬ್ಬಿ. ಒಳಗೆ ನೆನೆದ ಹತ್ತಿ.
ಇಷ್ಟಕ್ಕಾ ಇಷ್ಟು ಹೆದರಿಕೆ!
ಹಣೆಯ ಮೇಲೆ ಶಿಲುಬೆ, ತಣ್ಣಗೆ.
ಕೈ ಚಾಚಿ ಅಂದರು. ನಾಚಿಕೆಯಾಗಿ ಮುಷ್ಟಿ ಕಟ್ಟಿದೆ.
ಗಾಯಗಳೊಳಗೆ ಹೊಕ್ಕ ಕಲ್ಲಿದ್ದಲು ನೀಲಿ ಹಚ್ಚೆಯಾಗಿ ಕೂತಿದೆ,
ಯಾವ ಸಾಬೂನಿಗೂ ಜಗ್ಗಿದ್ದಲ್ಲ.
ಒಂದೊಂದೇ ಬೆರಳು ಬಿಡಿಸಿ ಆ ನೀಲಿಯ ಮೇಲೇ ಹಚ್ಚಿದರು.
ಕಲೆ ಹೋಗಲಿಲ್ಲ. ಹೊಳೆಯಿತು.
"ಪ್ರಭು ನಿನ್ನನ್ನು ರಕ್ಷಿಸಲಿ, ಮೇಲೆತ್ತಲಿ."

ಮೇಲೆತ್ತುವುದು! ಆ ಮಾತು ನನಗೆ ಗೊತ್ತು.
ತಳದಲ್ಲಿ ನಿಂತು, ಗಂಟೆ ಹೊಡೆದು, ಕೊರಳೆತ್ತಿ ಕಾಯುವುದು.
ಎಳೆಯುವ ಯಂತ್ರ ಮೇಲೆಲ್ಲೋ,
ನಾನೆಂದೂ ಮುಖ ನೋಡದವನ ಕೈಯಲ್ಲಿ.
ಎಣ್ಣೆ ಎತ್ತುವುದಿಲ್ಲ, ಅಷ್ಟು ತಿಳಿಯದವನಲ್ಲ ನಾನು.
ಎಳೆ ಎಳೆಯ ನಡುವೆ ಇಳಿದು
ತುಕ್ಕಿಗೆ ಇಲ್ಲಿ ಜಾಗವಿಲ್ಲ ಅನ್ನುತ್ತದೆ, ಅಷ್ಟೆ.
ಒಂದೆಳೆ ಹರಿದರೆ ಪಕ್ಕದ್ದು ಒಂದಿಷ್ಟು ಜಾರಿ
ಅದರ ಭಾರಕ್ಕೂ ಹೆಗಲು ಕೊಡುವ ಹಾಗೆ.
ರೈಮುಂಡ, ನೀನು ಯಾವ ಎಳೆಯೋ ಅದರಲ್ಲಿ?

ಗುರುಗಳು ಬ್ರೆಡ್ಡಿನ ತಿರುಳಿಗೆ ಬೆರಳೊರೆಸಿ ಹೋದರು.
ತಿರುಳನ್ನು ಒಲೆಗೆ ಹಾಕಬೇಕು. ಟ್ರುಡಾ ಹಾಕಿದಳು, ಅರ್ಧ.
ಇನ್ನರ್ಧ ಅಟ್ಟದ ಪಾರಿವಾಳಗಳಿಗೆ ಹೋಯಿತೆಂದು
ನನ್ನ ಗುಮಾನಿ. ಕೇಳಲಿಲ್ಲ.

ಆ ವಾರ ಪೆಟ್ಟಿಗೆ ಬರಲಿಲ್ಲ. ನಾನು ಎದ್ದು ಓಡಾಡಲೂ ಇಲ್ಲ.
ಎದೆಯೊಳಗಿನ ಕಲ್ಲು ಕಲ್ಲಾಗಿಯೇ ಇದೆ.
ರಾತ್ರಿ ಟ್ರುಡಾ ನನ್ನ ಅಂಗೈ ಮೂಸುತ್ತಾಳೆ,
ಬರೀ ಆಲಿವ್ ಎಣ್ಣೆ ಕಣ್ರೀ, ಅನ್ನುತ್ತಾಳೆ,
ಅಂದವಳು ಕೈ ಬಿಡುವುದಿಲ್ಲ.
ಫೋನು ಮತ್ತೆ ಮೇಜಿನ ಮೇಲಿದೆ,
ಗುಂಡಿಗಳ ಸಂದಿಯಲ್ಲಿ ಇನ್ನೂ ಹಿಟ್ಟು.